ನಾಲ್ಕು ಸಲ ಸತ್ತ ರಾಣಿ

ಚಪ್ಪಾಳೆ ತಟ್ಟುವವರ ಬಗ್ಗೆ ನನಗೆ ಅಂಥ ತಕರಾರಿಲ್ಲ. ಕೈ ಅವರದು, ತಟ್ಟಿಕೊಳ್ಳಲಿ. ಆದರೆ ‘ಒನ್ಸ್ ಮೋರ್’ ಎಂದು ಕೂಗುವ ಜಾತಿಯೊಂದಿದೆಯಲ್ಲ, ಅದರ ಪಕ್ಕ ಕೂತರೆ ನನಗೆ ತಿಂದ ಅನ್ನ ಇಳಿಯುವುದಿಲ್ಲ. ಮೊನ್ನೆ ಗುಲಬರ್ಗಾದಲ್ಲಿ ಗೆಳೆಯರೊಬ್ಬರ ಮೊಮ್ಮಗಳ ಹಾಡಿಕೆಯಿತ್ತು. ಹುಡುಗಿ ಚೆನ್ನಾಗಿಯೇ ಹಾಡಿದಳು. ಹಾಡು ಮುಗಿಸಿ ಇನ್ನೂ ಉಸಿರು ಬಿಟ್ಟಿರಲಿಲ್ಲ. ಹಿಂದಿನ ಸಾಲಿನಿಂದ ಒಬ್ಬ ಮಹಾಶಯ, ಕಣ್ಣೆದುರೇ ಬಸ್ಸು ಬಿಟ್ಟುಹೋದವನ ಹಾಗೆ, ‘ಒನ್ಸ್ ಮೋರ್!’ ಎಂದು ಕಿರುಚಿದ. ನಾನು ಎದ್ದು, ಚಪ್ಪಲಿ ಹುಡುಕಿಕೊಂಡು ಹೊರಟುಬಿಟ್ಟೆ. ಮುದುಕನಿಗೆ ಹೊಟ್ಟೆಕಿಚ್ಚು ಎಂದು ಗೆಳೆಯರು ಅಂದುಕೊಂಡರಂತೆ. ಅಂದುಕೊಳ್ಳಲಿ. ಆ ಮಹಾಶಯನಿಗಿಂತ ನೂರು ಪಾಲು ಗಟ್ಟಿಯಾಗಿ ನಾನು ಒಮ್ಮೆ ಕೂಗಿದ್ದೇನೆ ಎಂದು ಅವರಿಗೆ ಯಾವ ಮುಖದಿಂದ ಹೇಳಲಿ? ನಿಮಗಾದರೆ ಹೇಳಬಹುದು. ನೀವು ನನ್ನ ಎದುರಿಗಿಲ್ಲ.

ಆಗ ನನಗೆ ಇಪ್ಪತ್ತು ವರ್ಷ. ಊರು ಕಿಣ್ಣಿ ಸುಲ್ತಾನ, ನೌಕರಿ ಆಳಂದದಲ್ಲಿ. ನಿಜಾಮರ ರಾಜ್ಯ, ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಉರ್ದು. ಮಕ್ಕಳಿಗೆ ಅಲಿಫ್, ಬೇ, ಪೇ ತಿದ್ದಿಸುವ ಕೆಲಸ ನನ್ನದು. ಶಾಲೆ ಬಿಟ್ಟ ಕೂಡಲೇ ಬಜಾರಿನ ಒಂದು ಚಹಾದ ಅಂಗಡಿಗೆ ಓಡುತ್ತಿದ್ದೆ. ಅಂಗಡಿಯ ಮೆಹಬೂಬ ಸಾಹೇಬನ ಹತ್ತಿರ ಒಂದು ಗ್ರಾಮಫೋನು, ಒಂದೇ ಒಂದು ತಟ್ಟೆ. ‘ಸಂಗೀತ ಮಣಿಕಂಕಣ’ ಎಂಬ ನಾಟಕದ ಎರಡು ಹಾಡು, ಆ ಬದಿಗೊಂದು ಈ ಬದಿಗೊಂದು. ಹಾಡಿದವಳು ಆ ನಾಟಕದ ರಾಣಿಯ ಪಾತ್ರಧಾರಿ ತುಳಜಾಬಾಯಿ. ತಟ್ಟೆ ಸವೆದು ಸವೆದು ಹಾಡಿಗಿಂತ ಜೀರುಂಡೆಯ ಸದ್ದೇ ಹೆಚ್ಚಾಗಿತ್ತು. ನನಗೆ ಅಷ್ಟೇ ಸಾಕಾಗಿತ್ತು. ಆ ಎರಡು ಹಾಡಿನ ಮೇಲೆ ಇಡೀ ನಾಟಕವನ್ನು ನಾನೇ ತಲೆಯೊಳಗೆ ಕಟ್ಟಿಕೊಂಡಿದ್ದೆ. ಅಮೃತಶಿಲೆಯ ಅರಮನೆ, ಬಳ್ಳಿಯಂಥ ರಾಣಿ, ಸಿಂಹದಂಥ ರಾಜ. ಇಪ್ಪತ್ತು ವರ್ಷದ ತಲೆ ಎಂದರೆ ಖಾಲಿ ಕಣಜ. ಏನು ಬೇಕಾದರೂ ತುಂಬಬಹುದು.

ಹುಚ್ಚು ಅಷ್ಟಕ್ಕೇ ನಿಂತಿದ್ದರೆ ಚಿಂತೆಯಿರಲಿಲ್ಲ. ಕೂದಲನ್ನು ಹೆಗಲತನಕ ಬಿಟ್ಟೆ. ನಡಿಗೆಯಲ್ಲಿ ಒಂದು ತಾಳ ತಂದುಕೊಂಡೆ. ಒಮ್ಮೆ ರಜೆಯಲ್ಲಿ ಊರಿಗೆ ಹೋದಾಗ ಹೊಸಿಲಲ್ಲಿ ನಿಂತು, “ಮಾತೆಯೇ, ಹಸಿವೆಂಬ ಅಗ್ನಿಯು ಎನ್ನನ್ನು ದಹಿಸುತಿಹುದು” ಎಂದೆ. ರೊಟ್ಟಿ ಬಡಿಯುತ್ತಿದ್ದ ಅವ್ವ ತಿರುಗಿ ನೋಡಿ, “ಏನಂದಿ? ಮನಿಗಿ ಬಂದು ಯಾರಿಗಿ ಬೈಯಾಕತ್ತೀಯೋ?” ಎಂದಳು. ಅವ್ವನಿಗೆ ಕಲೆಯ ಗಂಧವಿಲ್ಲವೆಂದು ಮನಸ್ಸಿನಲ್ಲೇ ಮರುಗಿ, ನಾಲ್ಕು ರೊಟ್ಟಿ ತಿಂದು ಎದ್ದೆ.

ಆ ಬೇಸಿಗೆಯಲ್ಲೇ ಸುದ್ದಿ ಬಂತು: ತುಳಜಾಬಾಯಿಯ ನಾಟಕ ಕಂಪನಿ ಅಫಜಲಪುರದಲ್ಲಿ ಡೇರೆ ಹಾಕಿದೆ, ‘ಮಣಿಕಂಕಣ’ ಆಡುತ್ತಿದೆ. ಅದೂ ಹಗಲಿನಲ್ಲಿ! ಯುದ್ಧದ ಕಾಲ, ದೀಪಕ್ಕೆ ಸೀಮೆಎಣ್ಣೆ ಸಿಗುತ್ತಿರಲಿಲ್ಲ. ಹಾಗಾಗಿ ಮಧ್ಯಾಹ್ನ ಊಟ ಮುಗಿಸಿ ಬಂದು ನೋಡುವಂತೆ ಆಟ ಹಚ್ಚಿದ್ದರು. ಅಫಜಲಪುರದಲ್ಲಿ ನನ್ನ ಅಕ್ಕ ಭಾಗವ್ವನ ಗಂಡನ ಮನೆ. ಮೂರು ವರ್ಷದಿಂದ ಆ ಕಡೆ ತಲೆ ಹಾಕದಿದ್ದ ತಮ್ಮನಿಗೆ ಒಮ್ಮಿಂದೊಮ್ಮೆ ಅಕ್ಕನ ಮೇಲೆ ಮಮತೆ ಉಕ್ಕಿತು. ಕುಸುಬಿ ಹೇರಿಕೊಂಡು ಹೊರಟಿದ್ದ ಬಂಡಿಯೊಂದನ್ನು ಹತ್ತಿ, ಎರಡು ದಿನ ಮೈಯೆಲ್ಲ ಮುಳ್ಳು ಚುಚ್ಚಿಸಿಕೊಂಡು ಹೋಗಿ ಇಳಿದೆ.

ಅಕ್ಕ ನನಗಿಂತ ಐದು ವರ್ಷ ದೊಡ್ಡವಳು. ಅವಳ ನಾಲಿಗೆ ಅಕ್ಕಸಾಲಿಗನ ಚಿಮಟದಂಥದು. ಎಷ್ಟು ಬೇಕೋ ಅಷ್ಟನ್ನೇ ಹಿಡಿದು ಎಳೆಯುತ್ತದೆ.

“ನನಗ ನೋಡಾಕ ಬಂದೀಯೋ, ನಾಟಕ ನೋಡಾಕ ಬಂದೀಯೋ?”

“ನಿನ್ನ ನೋಡಾಕ ಬೇ ಅಕ್ಕಾ. ನಾಟಕ ಅದ ಅಂತ ಇಲ್ಲಿ ಬಂದ ಮ್ಯಾಲ ಗೊತ್ತಾತು.”

“ಸುಳ್ಳ ಹೇಳಬ್ಯಾಡ. ಅಕ್ಕಗ ನೋಡಾಕ ಬರಾಂವ ತಲಿಗಿ ಅತ್ತರ ಹಚ್ಕೊಂಡು ಬರಂಗಿಲ್ಲ.”

ಮಾವ, ಅಂದರೆ ಅಕ್ಕನ ಗಂಡ, ಬಂಡಿ ಕಟ್ಟಿಕೊಂಡು ಜೇವರ್ಗಿಗೆ ಹೋಗಿದ್ದ. ತಾನೂ ನಾಟಕಕ್ಕೆ ಬರುತ್ತೇನೆ ಎಂದಳು ಅಕ್ಕ. ನನಗೆ ಒಳಗೊಳಗೇ ಇರುಸುಮುರುಸು. ಇಂಥ ಮಹಾಕಲೆಯ ಸನ್ನಿಧಿಗೆ ಎಮ್ಮೆಯ ಸಗಣಿಯ ವಾಸನೆಯ ಅಕ್ಕನನ್ನು ಹೇಗೆ ಕರೆದೊಯ್ಯುವುದು? ಪುಣ್ಯಕ್ಕೆ ಹೆಂಗಸರಿಗೆ ಬೇರೆ ಕಡೆ, ನಡುವೆ ಬಟ್ಟೆಯ ತೆರೆ. ಅವಳು ಅತ್ತ ಹೋದಳು, ನಾನು ಇತ್ತ ಬಂದು ಅತ್ತರಿನ ಸಮೇತ ಕೂತೆ.

ಆ ಡೇರೆಯನ್ನು ಏನೆಂದು ವರ್ಣಿಸಲಿ! ಸುತ್ತ ತಗಡು, ಮೇಲೆ ತಗಡು, ಅದರ ಮೇಲೆ ಚೈತ್ರದ ಸೂರ್ಯ. ಒಳಗೆ ಜನರನ್ನು ಕಡಲೆಯ ಹಾಗೆ ಹುರಿಯುತ್ತಿದ್ದರು. ತಗಡಿಗೆ ನೂರಾರು ತೂತು. ಒಂದೊಂದು ತೂತಿನಿಂದಲೂ ಬಿಸಿಲಿನ ಕೋಲು ಇಳಿದು, ಅರಮನೆ ಎಂದು ಬರೆದ ಪರದೆಯ ಮೇಲೆ ಸಿಡುಬು ಎದ್ದಂತೆ ಕಾಣುತ್ತಿತ್ತು. ಎಲ್ಲರಿಗಿಂತ ಮುಂದೆ, ಮನೆಯಿಂದ ಹೊರಿಸಿ ತಂದ ಸೋಫಾದ ಮೇಲೆ ಊರ ಸಾಹುಕಾರ ಕೂತಿದ್ದ. ಡೇರೆ ನಿಂತದ್ದು ಅವನ ಹೊಲದಲ್ಲಿ. ಹೊಲ ನನ್ನದು, ಆದ್ದರಿಂದ ಸಂಗೀತವೂ ನನ್ನದು ಎಂಬ ಸರಳ ನಂಬಿಕೆಯ ಮನುಷ್ಯ. ಅವನು ತಲೆಯಾಡಿಸಿದರೆ ಹಿಂದೆ ನೂರು ತಲೆ ಆಡುತ್ತಿದ್ದವು. ಅವನು ಆಕಳಿಸಿದಾಗ ನನ್ನ ಪಕ್ಕದವನು ಆಕಳಿಸಿದ್ದನ್ನು ನಾನೇ ನೋಡಿದೆ.

ರಾಜ ಬಂದ. ನನ್ನ ಸಿಂಹ! ಹೊಟ್ಟೆ ಮೊದಲು ಬಂತು, ಹಿಂದಿನಿಂದ ಅವನು ಬಂದ. ಸೆಖೆಗೆ ಮುಖದ ಬಣ್ಣ ಕರಗಿ ಮೀಸೆ ಗಲ್ಲದ ಮೇಲೆ ಹರಿಯುತ್ತಿತ್ತು. ಕೈಯಲ್ಲಿ ಖಡ್ಗ, ಮಣಿಕಟ್ಟಿಗೆ ಗಡಿಯಾರ. ಅವನು ಹೇಳಬೇಕಾದ ಮಾತು ಮೊದಲು ಪರದೆಯ ಹಿಂದಿನಿಂದ ಕೇಳಿಸುತ್ತಿತ್ತು, ಅವನು ಅದನ್ನೇ ಇನ್ನಷ್ಟು ಕೆಡಿಸಿ ಹೇಳುತ್ತಿದ್ದ. ಕಥೆಯೋ, ಅದಕ್ಕಿಂತ ಚಂದ: ರಾಣಿಗೆ ಕೊಟ್ಟ ಮಣಿಕಂಕಣವನ್ನು ಸಾಕಿದ ಗಿಳಿ ಒಯ್ದು ಪಂಜರದಲ್ಲಿ ಇಟ್ಟುಕೊಂಡಿರುತ್ತದೆ. ರಾಜ ಪಂಜರವೊಂದನ್ನು ಬಿಟ್ಟು ಉಳಿದೆಲ್ಲ ಕಡೆ ಹುಡುಕಿ, ರಾಣಿಯ ಶೀಲದ ಮೇಲೆ ಸಂಶಯಪಟ್ಟು, ಸೆರೆಗೆ ಹಾಕಿ, ಕೊನೆಗೆ ಅವಳು ವಿಷ ಕುಡಿಯುವ ಹಾಗೆ ಮಾಡುತ್ತಾನೆ. ಗಿಳಿಗಿದ್ದಷ್ಟು ಬುದ್ಧಿ ರಾಜನಿಗಿದ್ದರೆ ನಾಟಕ ಮೊದಲ ಅಂಕದಲ್ಲೇ ಮುಗಿಯಬೇಕು. ಇದನ್ನೆಲ್ಲ ನಾನು ಈಗ ಹೇಳುತ್ತಿದ್ದೇನೆ. ಆಗ ಬಾಯಿ ತೆರೆದುಕೊಂಡು ನೋಡುತ್ತಿದ್ದೆ.

ತುಳಜಾಬಾಯಿ ಬಂದಾಗ ಮಾತ್ರ ನನ್ನ ಎದೆ ಕುಸಿಯಿತು. ಗಿಡ್ಡ ಹೆಂಗಸು. ನಲವತ್ತರ ಆಸುಪಾಸು. ಬಣ್ಣದ ಕೆಳಗೆ ಕಣ್ಣ ಸುತ್ತ ಕಪ್ಪು. ನನ್ನ ಬಳ್ಳಿಯಂಥ ರಾಣಿ ಎಲ್ಲಿ? ತಟ್ಟೆಯ ಕಂಪನಿಯವರು ನನಗೆ ಮೋಸ ಮಾಡಿದರು ಎಂದೇ ಅನಿಸಿತು. ಅಷ್ಟರಲ್ಲಿ ಅವಳು ಬಾಯಿ ತೆರೆದಳು.

ಅದನ್ನು ಹೇಳಲು ನನಗೆ ಬರುವುದಿಲ್ಲ, ಬಂದರೂ ಹೇಳಬಾರದು. ಇಷ್ಟು ಹೇಳುತ್ತೇನೆ: ತಗಡು ಇಲ್ಲವಾಯಿತು, ರಾಜನ ಹೊಟ್ಟೆ ಇಲ್ಲವಾಯಿತು, ಸಾಹುಕಾರನ ಸೋಫಾ ಇಲ್ಲವಾಯಿತು. ವಿಷ ಕುಡಿದ ಮೇಲೆ ರಾಜನ ತೊಡೆಯ ಮೇಲೆ ತಲೆಯಿಟ್ಟು, ‘ಹೋಗಿ ಬರುವೆನು ದೊರೆಯೆ, ಹೊತ್ತು ಇಳಿಯಿತು’ ಎಂದು ಹಾಡಿದಳಲ್ಲ, ಆ ‘ಇಳಿಯಿತು’ ಎಂಬಲ್ಲಿ ಸ್ವರ ಕೆಳಗೆ ಕೆಳಗೆ ಹೋಗಿ ನಿಂತಾಗ ನನ್ನ ಕಣ್ಣಿನಿಂದ ನೀರು ಧಾರೆಯಾಗಿ ಸುರಿಯುತ್ತಿತ್ತು. ರಾಣಿ ಸತ್ತಳು. ಡೇರೆಯಲ್ಲಿ ಉಸಿರಿನ ಸದ್ದೂ ಇರಲಿಲ್ಲ. ಆ ಮೌನ ಅವಳು ಕಟ್ಟಿದ್ದು. ಅದನ್ನು ನಾನು ಒಡೆದೆ.

“ಒನ್ಸ್ ಮೋರ್!”

ಯಾಕೆ ಕೂಗಿದೆ? ಹಾಗೆ ಕೂಗುವುದು ರಸಿಕರ ಲಕ್ಷಣ ಎಂದು ಎಲ್ಲಿಯೋ ಕೇಳಿದ್ದೆ. ಅದಕ್ಕಿಂತ ನಿಜ ಹೇಳಬೇಕೆಂದರೆ, ಎಲ್ಲರೂ ಅತ್ತಿದ್ದರೂ ನಾನೇ ಹೆಚ್ಚು ಅತ್ತವನು ಎಂದು ಊರಿಗೆ ತಿಳಿಯಬೇಕಿತ್ತು. ಸಾಹುಕಾರ ತಿರುಗಿ ನೋಡಿ, ಮೆಚ್ಚಿ ತಲೆಯಾಡಿಸಿದ. ಇಡೀ ಗಂಡಸರ ಕಡೆ ‘ಒನ್ಸ್ ಮೋರ್’ ಎಂದು ಎದ್ದುನಿಂತಿತು. ಸತ್ತ ರಾಣಿ ಎದ್ದು ಕೂತು, ನಮಸ್ಕಾರ ಮಾಡಿ, ಮತ್ತೆ ಮಲಗಿ, ಮತ್ತೆ ಹಾಡಿ ಸತ್ತಳು. ನಾನು ಹಿಗ್ಗಿ ಹೀರೇಕಾಯಿಯಾದೆ. ಸತ್ತವರನ್ನು ಎಬ್ಬಿಸುವುದು ಸಾಮಾನ್ಯರ ಕೆಲಸವೇ?

ಮೂರನೆಯ ಸಲ ಜನ ಕೂಗಿದರು. ಹಾಡಿದಳು. ನಾಲ್ಕನೆಯ ಸಲ ಸಾಹುಕಾರನೇ ಬೆರಳೆತ್ತಿದ. ಆ ಬೆರಳಿಗೂ ಹಾಡಿದಳು. ಆದರೆ ಈ ಸಲ ‘ಹೊತ್ತು’ ಎಂಬಲ್ಲಿ ದನಿ ಸೀಳಿತು. ಹಸಿ ಬಟ್ಟೆ ಹರಿದ ಹಾಗೆ ಕೇಳಿಸಿತು. ಮುಗಿಸಿ, ಎದ್ದು, ಪಕ್ಕದ ಪರದೆಯಿಂದ ತಂಬಿಗೆ ಇಸಿದುಕೊಂಡು ನೀರು ಕುಡಿದಳು. ರಾಜ ಕಾಲು ಜೋಮು ಹಿಡಿದು ತೊಡೆ ತಿಕ್ಕಿಕೊಳ್ಳುತ್ತಿದ್ದ.

ಸಾಹುಕಾರ ಮತ್ತೆ ಬೆರಳೆತ್ತಿದ.

ತುಳಜಾಬಾಯಿ ರಂಗದ ಅಂಚಿಗೆ ಬಂದು ಕೈ ಮುಗಿದಳು. “ಸಾಹುಕಾರ್ರ, ಈ ರಾಣಿ ನಾಲ್ಕ ಸಲ ಸತ್ತಾಳ್ರಿ. ಐದನೇ ಸಲ ಸಾಯಾಕ ನನ್ನ ಕೈಲಿ ಆಗಂಗಿಲ್ಲ. ಬ್ಯಾರೆ ಯಾರನ್ನಾರ ಕರಸ್ರಿ.”

ಯಾರೋ ನಕ್ಕು, ಸಾಹುಕಾರ ನಗಲಿಲ್ಲವೆಂದು ಕಂಡು ಅರ್ಧಕ್ಕೇ ನುಂಗಿಕೊಂಡರು. ಕಂಪನಿಯ ಮಾಲೀಕ ಓಡಿಬಂದು, “ಬಾಯಾರ, ಒಂದ ಸಲ, ಒಂದ ಸಲ ಹಾಡಿಬಿಡ್ರಿ” ಎಂದು ಅವಳ ಕಾಲಿಗೆ ಬೀಳುವುದೊಂದು ಬಾಕಿ.

“ನೀವು ಹಾಡ್ರಿ ಮಾಲೀಕ್ರ. ನಾ ಕೇಳ್ತೀನಿ,” ಎಂದಳು ಅವಳು.

ಸಾಹುಕಾರನ ಕಿವಿ ಕೆಂಪಗಾಯಿತು. “ನಾ ಒಬ್ಬನ ಕೇಳಾಕತ್ತಿಲ್ಲ ಬಾಯಿ. ಮಂದಿ ಕೇಳಾಕತ್ಯಾರ,” ಎಂದು ಹಿಂದೆ ತಿರುಗಿದ. “ಮೊದಲ ಕೂಗಿದಾಂವ ಯಾರಲೇ ಅಂವಾ? ಏಳ್ ಮ್ಯಾಲ!”

ನನ್ನ ಜೊತೆ ಗಂಟಲು ಹರಿದುಕೊಂಡಿದ್ದ ನೆರೆಯವರೆಲ್ಲ ಈಗ ಒಂದೇ ಮನಸ್ಸಿನಿಂದ ನನ್ನನ್ನು ಎತ್ತಿ ನಿಲ್ಲಿಸಿದರು. ಬೆಳಗಿನಿಂದ ಬಾಚಿ ಕೂರಿಸಿದ್ದ ಹೆಗಲುದ್ದದ ಕೂದಲು ಬೆವರಿಗೆ ಮುಖಕ್ಕೆ ಅಂಟಿತ್ತು. ತುಳಜಾಬಾಯಿ ನನ್ನನ್ನೇ ನೋಡಿದಳು. ಎಷ್ಟು ದಿನ ಕನಸು ಕಂಡಿದ್ದೆ, ಅವಳು ನನ್ನನ್ನು ನೋಡಬೇಕೆಂದು!

“ನೀವೇನ್ರಿ ತಮ್ಮಾ?” ಎಂದಳು. “ಹೇಳ್ರಿ. ನಿಮಗ ಇನ್ನೂ ಬೇಕೇನ್ರಿ?”

ಬೇಡ. ಎರಡೇ ಅಕ್ಷರ. ಮಕ್ಕಳಿಗೆ ಅಕ್ಷರ ಕಲಿಸಿ ಸಂಬಳ ತಿನ್ನುತ್ತಿದ್ದ ನನಗೆ ಆ ಎರಡು ಅಕ್ಷರ ಹೊರಡಲಿಲ್ಲ. ಸಾಹುಕಾರನ ಕಣ್ಣು ನೋಡಿದೆ. ನನಗೆ ಅವನು ಹೊಲ ಕೊಟ್ಟವನಲ್ಲ, ಅನ್ನ ಹಾಕಿದವನಲ್ಲ, ಮರುದಿನ ನಾನು ಆಳಂದಕ್ಕೆ ಹೊರಡುವವನು. ಆದರೂ ಹೆದರಿದೆ. ದೇವರಾಣೆಗೂ ನನ್ನ ಬಾಯಿಂದ ಬಂದ ಮಾತು ಇದು:

“ಸಾಹುಕಾರ್ರು ಹ್ಯಾಂಗಂತಾರ ಹಾಂಗ್ರಿ.”

ಅವಳು ಸಿಟ್ಟಾಗಲಿಲ್ಲ. ಹೀಗೇ ಆಗುತ್ತದೆಂದು ಗೊತ್ತಿದ್ದವಳ ಹಾಗೆ ಸೆರಗು ಸರಿಮಾಡಿಕೊಂಡು ಹಿಂದೆ ತಿರುಗಿದಳು. ಮಲಗಲು ಹೊರಟಿದ್ದಳೋ, ಒಳಗೆ ಹೋಗಲೋ, ನನಗೆ ಇಂದಿಗೂ ಗೊತ್ತಿಲ್ಲ. ಅಷ್ಟರಲ್ಲಿ ಹೆಂಗಸರ ಕಡೆಯ ತೆರೆ ಎತ್ತಿ ಒಬ್ಬಳು ಹೊರಬಂದಳು. ನನ್ನ ಅಕ್ಕ.

“ಏ ಮಾರಾಯರ, ವಿಷಾ ಕುಡದಾಕಿಗಿ ಎಷ್ಟ ಸಲ ಎಬ್ಬಸ್ತೀರಿ? ಸಾಯೂದಾದ್ರೂ ನೆಟ್ಟಗ ಸಾಯ್ಲಿ ಬಿಡ್ರಿ ಆಕಿ!” ಎಂದು ಕೂಗಿ, ಹಿಂದೆ ತಿರುಗಿ, “ನಡೀರಿ ಬೇ, ಎಮ್ಮಿ ಹಿಂಡೂ ಹೊತ್ತಾತು. ನಮಗ ಮನ್ಯಾಗ ಮಾಡೂ ಕೆಲಸ ಭಾಳ ಅದಾವ, ಈ ಗಂಡಸರ ಕೂಡ ಒದರಕೋತ ಕುಂದ್ರಾಕ ಆಗಂಗಿಲ್ಲ,” ಎಂದಳು.

ತೆರೆಯ ಆಚೆ ಒಂದು ನಗೆ ಎದ್ದಿತು. ಆಮೇಲೆ ಬಳೆಗಳ ಸದ್ದು. ಒಬ್ಬಳು ಎದ್ದಳು, ಹತ್ತು ಮಂದಿ ಎದ್ದರು, ಕೂಸುಗಳನ್ನು ಸೊಂಟಕ್ಕೇರಿಸಿಕೊಂಡು ಇಡೀ ಹೆಂಗಸರ ಕಡೆ ಹೊರನಡೆಯಿತು. ಸಾಹುಕಾರನ ಹೆಂಡತಿಯೂ ಅವರಲ್ಲಿದ್ದಳು ಎಂದು ಆಮೇಲೆ ತಿಳಿಯಿತು. ಹೆಂಡಿರು ಹೋದ ಮೇಲೆ, ಇವತ್ತಿನ ರೊಟ್ಟಿಯ ಗತಿಯೇನು ಎಂದು ಗಂಡಸರಿಗೆ ಹೊಳೆಯಿತು. ಒಬ್ಬೊಬ್ಬರಾಗಿ ಜಾರಿದರು. ಕೊನೆಗೆ ಉಳಿದದ್ದು ಸೋಫಾ, ಅದರ ಮೇಲೊಬ್ಬ, ಅವನ ಬೆರಳು. ರಂಗ ಖಾಲಿ. ಕಂಕಣ ಕದ್ದದ್ದು ಗಿಳಿ ಎಂದು ಆ ದಿನ ಬಯಲಾಗಲೇ ಇಲ್ಲ. ಅಫಜಲಪುರದ ಮಟ್ಟಿಗೆ ಆ ಗಿಳಿ ಇನ್ನೂ ನಿರಪರಾಧಿ.

ಸಂಜೆಗೆ ಸಾಹುಕಾರನ ಹುಕುಂ ಬಂತು: ನಾಳೆ ಹೊತ್ತೇರುವುದರೊಳಗೆ ಹೊಲ ಖಾಲಿಯಾಗಬೇಕು. ಅಕ್ಕ ನನ್ನ ಜೊತೆ ಮಾತಾಡಲಿಲ್ಲ. ಬೆಳಗ್ಗೆ ಎದ್ದವಳು ಒಣಶುಂಠಿ, ಮೆಣಸು, ಬೆಲ್ಲ ಹಾಕಿ ಕಷಾಯ ಕುದಿಸಿ, ತಂಬಿಗೆಗೆ ಸುರಿದು ನನ್ನ ಕೈಗೆ ಕೊಟ್ಟಳು. “ಕೊಟ್ಟ ಬಾ ಆ ಹೆಣ್ಣಮಗಳಿಗಿ. ತಪ್ಪಾತು ಅಂತ ಹೇಳಿ ಬಾ. ಹೇಳಾಕಾದ್ರೂ ಬರ್ತದೋ ಇಲ್ಲೋ?”

ಕಂಪನಿಯ ಬಂಡಿಗಳು ಭೀಮಾ ದಾಟಿ ಜೇವರ್ಗಿಯ ಕಡೆ ಹೋಗಲು ಸಾಲಾಗಿ ನಿಂತಿದ್ದವು. ಸುತ್ತಿದ ಅರಮನೆಯ ಪಕ್ಕ, ಒಂದು ಟ್ರಂಕಿನ ಮೇಲೆ, ಕೊರಳಿಗೆ ಶಾಲು ಸುತ್ತಿಕೊಂಡು ತುಳಜಾಬಾಯಿ ಕೂತಿದ್ದಳು. ನಾನು ತಂಬಿಗೆ ಚಾಚಿದೆ. “ನಿಮಗಂತ ನಾನೇ ಮಾಡಿಸಿಕೊಂಡು ಬಂದೇನ್ರಿ,” ಎಂದೆ. ತಪ್ಪಾಯಿತು ಎನ್ನಲಿಲ್ಲ. ಅಕ್ಕನ ಹೆಸರೂ ಎತ್ತಲಿಲ್ಲ.

ಅವಳು ಕುಡಿದಳು. ನನ್ನ ಗುರುತು ಹಿಡಿದಳು. ದನಿ ಪೂರಾ ಹೋಗಿತ್ತು. ತುಟಿ ನೋಡಿಕೊಂಡು ಮಾತು ತಿಳಿಯಬೇಕು.

“ನಿಮ್ಮ ದನಿ ಛಲೋ ಅದರಿ. ಇಡೀ ಡೇರೆಕ ಕೇಳಸ್ತು.”

ನನ್ನ ಕಾಲು ನೆಲ ಬಿಟ್ಟಿತು.

“ಜ್ವಾಕಿ ಇಟ್ಕೊಳ್ರಿ,” ಎಂದಳು. “ಬೇಕಾದಾಗ ಬರಂಗಿಲ್ಲ ಅದು.”

ಬಂಡಿ ಹೊರಟಿತು. ನಾನು ಓಡಿಬಂದು ಅಕ್ಕನಿಗೆ ಹೇಳಿದೆ: ತುಳಜಾಬಾಯಿ ನನ್ನ ದನಿಯನ್ನು ಹೊಗಳಿದಳು! ಅಕ್ಕ ಸಗಣಿಯ ಕೈಯಲ್ಲೇ ಹಣೆ ಚಚ್ಚಿಕೊಂಡಳು. “ಕೇಳಿದಾಗ ಬಾಯಿ ಬಿಡಲಿಲ್ಲಲ್ಲೋ ನೀ, ಅದಕ ಅಂದಾಳ ಆಕಿ. ಹೊಗಳ್ಯಾಳಂತ ಕುಣ್ಯಾಕತ್ತೀಯಲ್ಲ!” ಅಕ್ಕನಿಗೆ ಏನು ತಿಳಿಯುತ್ತದೆ ಎಂದು ನಾನು ಮೂಗು ಮುರಿದು ಆಳಂದಕ್ಕೆ ಬಂದೆ. ಮುಂದೆ ಒಂದು ವರ್ಷ, ಚಹಾದ ಅಂಗಡಿಗೆ ಬಂದ ಪ್ರತಿಯೊಬ್ಬನಿಗೂ, ದೊಡ್ಡ ಗಾಯಕಿಯೊಬ್ಬಳು ನನ್ನ ಕಂಠವನ್ನು ಮೆಚ್ಚಿದ ಕಥೆ ಹೇಳಿದೆ. ಕೇಳಿ ಕೇಳಿ ಸಾಕಾಗಿ ಮೆಹಬೂಬ ಸಾಹೇಬ, “ಮಾಸ್ತರ್ರ, ತಟ್ಟಿಗಾದ್ರೂ ಎರಡ ಬಾಜೂ ಅದಾವ. ನಿಮದು ಒಂದ ಬಾಜೂ,” ಎಂದ. ಅದನ್ನೂ ನಾನು ಮೆಚ್ಚುಗೆಯೆಂದೇ ತಿಳಿದೆ.

ಅತ್ತ ಮಾವ ಜೇವರ್ಗಿಯಿಂದ ಬಂದವನು ಸಾಹುಕಾರನಿಂದ ಬೈಸಿಕೊಂಡು ಮನೆಗೆ ಬಂದು ಕೂಗಾಡಿದನಂತೆ. “ಎಮ್ಮಿ ಹಿಂಡೂ ಹೊತ್ತಾತು ಅಂದೆ. ತಪ್ಪೇನದ ಅದರಾಗ?” ಎಂದಳಂತೆ ಅಕ್ಕ. ಕೇಳಿದವರಿಗೆಲ್ಲ ಅದೇ ಉತ್ತರ.

ಐದಾರು ವರ್ಷ ಕಳೆದವು. ನಿಜಾಮರ ರಾಜ್ಯ ಹೋಯಿತು. ನನ್ನನ್ನು ಯಡ್ರಾಮಿಗೆ ವರ್ಗ ಮಾಡಿದರು. ಅಲಿಫ್, ಬೇ ಬಿಟ್ಟು ಅ, ಆ ತಿದ್ದಿಸತೊಡಗಿದೆ. ಒಂದು ದಿನ ಅದೇ ಕಂಪನಿ ಅಲ್ಲಿಗೆ ಬಂತು, ಅದೇ ನಾಟಕ. ರಾಣಿ ಯಾರೋ ಹೊಸ ಹುಡುಗಿ. ಎರಡನೆಯ ಅಂಕದಲ್ಲಿ ರಾಣಿಯ ದಾಸಿಯೊಬ್ಬಳು ಹರಿವಾಣ ಹಿಡಿದು ಬಂದು, “ಅಮ್ಮಾವರೇ, ದೊರೆಗಳು ಬರುತ್ತಿದ್ದಾರೆ” ಎಂದು ಹೇಳಿ ಹೋದಳು. ಗೊಗ್ಗರು ದನಿ. ಜನ ಅವಳನ್ನು ನೋಡಲೂ ಇಲ್ಲ. ಅದು ತುಳಜಾಬಾಯಿ. ಪಕ್ಕದವನನ್ನು ವಿಚಾರಿಸಿದೆ. ಗಂಟಲು ಹೋಗಿ ಬಹಳ ವರ್ಷವಾಯಿತು, ಹಾಡುವುದಿಲ್ಲ ಎಂದ. ಆ ರಾಣಿ ಸಾಯುವತನಕ ಕೂರಲು ನನ್ನಿಂದಾಗಲಿಲ್ಲ.

ಮರುದಿನ ಬೆಳಗ್ಗೆ ಡೇರೆಯ ಹಿಂದೆ ಹೋದೆ. ಅವಳು ಬಿಸಿಲಿಗೆ ಕೂತು ನಾಟಕದ ಬಟ್ಟೆಗೆ ತೇಪೆ ಹಾಕುತ್ತಿದ್ದಳು. ಕೂದಲು ಬೆಳ್ಳಗಾಗಿತ್ತು. ನನ್ನ ಗುರುತು ಸಿಗಲಿಲ್ಲ; ಹೆಗಲುದ್ದದ ಕೂದಲು ಯಾವಾಗಲೋ ಹೋಗಿತ್ತು. ಈ ಊರಿನ ಶಾಲೆಯ ಮಾಸ್ತರ ಎಂದು ಹೇಳಿಕೊಂಡೆ.

“ನಿಮ್ಮ ಹಾಡಂದ್ರ ನನಗ ಜೀವ ಇತ್ರಿ,” ಎಂದೆ.

“ಹೌದೇನ್ರಿ? ಯಾವ ಹಾಡು?”

“‘ಹೋಗಿ ಬರುವೆನು ದೊರೆಯೆ’.”

“ನನ್ನ ಬಾಯಾಗ ಕೇಳೀರೇನು? ಎಷ್ಟ ಸಲ?”

“ನಾಲ್ಕ ಸಲ್ರಿ.”

ಸೂಜಿ ನಿಂತಿತು. “ಅಫಜಲಪುರ,” ಎಂದಳು. ಆಮೇಲೆ ಮುಖ ಅರಳಿತು. “ಅವತ್ತ ಯಾರೋ ಒಬ್ಬಾಕಿ ಎದ್ದಳಲ್ರಿ, ಸಾಯ್ಲಿ ಬಿಡ್ರಿ ಆಕಿ ಅಂತ. ಆಕಿ ಇರದಿದ್ರ ಐದನೇದೂ ಹಾಡಿಸ್ತಿದ್ರು. ಆಕಿ ಯಾರಂತ ನಿಮಗೇನರ ಗೊತ್ತೇನ್ರಿ?”

ಗೊತ್ತಿಲ್ಲ ಎನ್ನಬಹುದಿತ್ತು. ಬಾಯಿಗೆ ಅದೇ ಮೊದಲು ಬಂದದ್ದು ಕೂಡ.

“ನಮ್ಮಕ್ಕ ರೀ. ಕಷಾಯ ಮಾಡಿಕೊಟ್ಟಾಕೀನೂ ಆಕೀನ, ನಾನಲ್ಲ. ನಾ... ಮೊದಲ ಕೂಗಿದಾಂವ ರೀ.”

ಅವಳು ನನ್ನನ್ನು ತಲೆಯಿಂದ ಕಾಲಿನತನಕ ಒಮ್ಮೆ ನೋಡಿದಳು. ಎದ್ದು ಒಳಗೆ ಹೋದಳು. ಟ್ರಂಕು ತೆರೆದ ಸದ್ದು. ಮಡಿಕೆ ಬಿಚ್ಚದ ಒಂದು ಇಳಕಲ್ಲಿನ ಸೀರೆ ತಂದು ನನ್ನ ಕೈಯಲ್ಲಿಟ್ಟಳು. “ಅಕ್ಕಗ ಕೊಡ್ರಿ. ತುಳಜಾ ಕೊಟ್ಟಾಳಂತ ಹೇಳ್ರಿ.”

ನಾನು ಸೀರೆ ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ಬೈಯುತ್ತಾಳೆಂದೋ, ಕ್ಷಮಿಸಿದೆ ಎನ್ನುತ್ತಾಳೆಂದೋ, ಏನೋ ಒಂದಕ್ಕೆ ಕಾದಿದ್ದೆ. ಅವಳು ಮತ್ತೆ ಕೂತು, ಸೂಜಿಗೆ ದಾರ ಪೋಣಿಸಿ, ತಲೆಯೆತ್ತಿದಳು.

“ಇನ್ನ ಯಾಕ ನಿಂತೀರಿ ಮಾಸ್ತರ್ರ? ನಿಮಗ ಕೊಡೂದು ನನ್ನ ಕಡಿ ಏನೂ ಉಳದಿಲ್ಲ. ನಾಲ್ಕ ಸಲ ಇಸಕೊಂಡೀರಿ.”

ನಕ್ಕೇ ಹೇಳಿದಳು. ನಗೆಯಲ್ಲೂ ದನಿ ಇರಲಿಲ್ಲ.